ಎರಡಕ್ಕೂ ಮೂರಕ್ಕೂ ನಡುವೆ

ಇಂಡಿ ಪಟ್ಟಣದ ನಿಂಬೆ ಬಜಾರಿನಲ್ಲಿ ಸೋಮನಿಂಗ ಹರಾಜಿನ ಕಲ್ಲೇರಿ ಲಿಲಾವು ಕೂಗಲು ನಿಂತರೆ ಝಳಕಿ ಹೆದ್ದಾರಿಯ ಲಾರಿಗಳು ಹಾರನ್ ಹೊಡೆಯಲು ನಾಚುತ್ತವೆ ಎಂಬ ಮಾತಿತ್ತು. ಆ ಮಾತನ್ನು ಹಬ್ಬಿಸಿದವನು ಅವನ ಹೆಂಡತಿಯ ತಮ್ಮ ಸಿದ್ದಾರೂಢ. ಬಿಸಿಎ ಮುಗಿಸಿ ಅಕ್ಕನ ಮನೆಯಲ್ಲೇ ಉಣ್ಣುತ್ತ, ಊರವರ ದನಿಗಳನ್ನು ಕದ್ದು ಊರವರಿಗೇ ಒಂದು ಕಪ್ ಚಹಾಕ್ಕೆ ಮಾರುತ್ತಿದ್ದವನು. ಕಚೇರಿಯ ಜವಾನ, ಲಚ್ಯಾಣ ಟೆಂಪೋದ ಕ್ಲೀನರ್, ಮೂಗಿನಲ್ಲಿ ಮಂತ್ರ ಹೇಳುವ ಸ್ವಾಮಿಗಳು, ಎಲ್ಲರೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದರು. ಆದರೆ ಚಹಾದಂಗಡಿಯಲ್ಲಿ ಜನ ಕೇಳಿ ಮಾಡಿಸುತ್ತಿದ್ದುದು ಒಂದನ್ನೇ.

"ಏ ಸಿದ್ದ್ಯಾ, ನಿಮ್ಮ ಮಾಮಾನ್ನ ಮಾಡೋ!"

ಸಿದ್ದಾರೂಢ ಕತ್ತು ಚಾಚಿ, ಕಣ್ಣು ಅಗಲಿಸಿ, ಒಂದೇ ಉಸಿರಿಗೆ "ಒಂದ್ ಸಲಾ ಎರಡ್ ಸಲಾ ಮೂರ್ ಸಲಾ!" ಎಂದು ಹರಿಯುವಂತೆ ಕೂಗುತ್ತಿದ್ದ. ಬೆಂಚುಗಳು ಅಲುಗಾಡುವಂತೆ ಜನ ನಗುತ್ತಿದ್ದರು. ಸೋಮನಿಂಗನೂ ನಗುತ್ತಿದ್ದ. ನಕ್ಕು, ಬಾಯಿಯ ತಂಬಾಕು ಉಗುಳಿ ಬಂದು ಹೇಳುತ್ತಿದ್ದ.

"ದನಿ ಬರೋಬ್ಬರಿ ಐತಿ ನೋಡಲೇ. ಲಿಲಾವು ಬರೋಬ್ಬರಿ ಇಲ್ಲ. ಎರಡಕ್ಕ ನಿಂದ್ರಬೇಕು."

ನಿಜ. ಅವನು ಎರಡಕ್ಕೆ ನಿಲ್ಲುತ್ತಿದ್ದ. ರಾಶಿಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಕುತ್ತಿಗೆ ಕೆರೆದುಕೊಳ್ಳುತ್ತಿದ್ದ. ಆ ಸುಮ್ಮನಿರುವಿಕೆಯಲ್ಲಿ ಯಾರಾದರೊಬ್ಬ ಖರೀದಿದಾರನ ಬೆರಳು ಮೇಲೇಳುತ್ತಿತ್ತು. ಬೆರಳು ಎದ್ದರೆ ಬೆಳೆದವನಿಗೆ ನಾಲ್ಕು ಕಾಸು ಹೆಚ್ಚು. ಆದರೆ ಸುಮ್ಮನೆ ನಿಂತರೆ ಚಹಾದಂಗಡಿಯಲ್ಲಿ ಯಾರು ನಗುತ್ತಾರೆ? ಸಿದ್ದಾರೂಢ ಅದನ್ನು ಕಲಿಯಲೇ ಇಲ್ಲ.

ಎರಡು ಸಾವಿರದ ಆರನೇ ಇಸ್ವಿಯ ಯುಗಾದಿಗೆ ಸೋಮನಿಂಗನ ದನಿ ಒಡೆಯಿತು. ಬೆಲ್ಲ, ಮೆಣಸು, ಶುಂಠಿ ಯಾವುದಕ್ಕೂ ಬಗ್ಗಲಿಲ್ಲ. ಆಷಾಢದ ಕೊನೆಗೆ ಸೊಲ್ಲಾಪುರದ ಡಾಕ್ಟರು ಗಂಟಲಿಗೆ ನಳಿಗೆ ಬಿಟ್ಟು ನೋಡಿ ನೇರವಾಗಿ ಹೇಳಿದರು: ಗಡ್ಡೆ ಕೆಟ್ಟದ್ದು, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಶ್ರಾವಣ ಮುಗಿದೊಡನೆ ಬಂದು ಸೇರಿಕೊಳ್ಳಿ.

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಚನ್ನವ್ವ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಸಿದ್ದಾರೂಢ ತನ್ನ ಬಣ್ಣದ ಪರದೆಯ ನೋಕಿಯಾ ಹೊರತೆಗೆದ.

"ಮಾಮಾ, ಇದರಾಗ ಗೇಮ್ ಹಾಕ್ತಾರಲ್ಲ, ಹಂಗ ನಿನ್ನ ದನಿ ಹಾಕೂನು. ಒಂದು ಒತ್ತಿದ್ರ ಒಂದ್ ಸಲಾ, ಎರಡು ಒತ್ತಿದ್ರ ಎರಡ್ ಸಲಾ. ಸ್ಪೀಕರಿಗೆ ಹಚ್ಚಿದ್ರ ಬಜಾರೆಲ್ಲ ಕೇಳತೈತಿ. ನೀ ನಿಂತಲ್ಲೇ ನಿಂದರು, ಬೊಟ್ಟು ಕೆಲಸ ಮಾಡ್ಲಿ."

"ಅದನ್ನ ಯಾರ್ ಮಾಡ್ತಾರ?" ಎಂದ ಸೋಮನಿಂಗ.

"ನಾನ."

"ಮಾಡೀಯೇನ ಮೊದಲ?"

"ಇಲ್ಲ. ಇದ ಮೊದಲನೇದು."

ಆಗ ಅದಕ್ಕೆ ಆ್ಯಪ್ ಎಂಬ ಹೆಸರು ಇಂಡಿಗೆ ಬಂದಿರಲಿಲ್ಲ. ಮೊಬೈಲಿನಲ್ಲಿ ಓಡುವುದೆಲ್ಲ ಗೇಮೇ. ಸೋಮನಿಂಗ ಬಹಳ ಹೊತ್ತು ಆ ಚಿಕ್ಕ ಗುಂಡಿಗಳನ್ನೇ ನೋಡಿದ. ಅವನಿಗೆ ಹೊಲ ಇರಲಿಲ್ಲ, ಅಂಗಡಿ ಇರಲಿಲ್ಲ. ಅಪ್ಪನಿಂದ ಬಂದ ಆಸ್ತಿ ಗಂಟಲೊಂದೇ. ದನಿ ಹೋದರೆ ಬಜಾರಿನಲ್ಲಿ ಅವನು ನಿಲ್ಲುವ ಆ ಕಲ್ಲೂ ಹೋಗುತ್ತಿತ್ತು.

"ಮಾಡು," ಎಂದ.

ಕಂಪ್ಯೂಟರ್ ಇದ್ದದ್ದು ಬಸ್‌ಸ್ಟ್ಯಾಂಡ್ ಎದುರು ಅಬ್ದುಲಗನಿಯ ಅಂಗಡಿಯಲ್ಲಿ. ಲಗ್ನಪತ್ರಿಕೆ, ಝೆರಾಕ್ಸ್, ಮೊಬೈಲ್ ರಿಪೇರಿ ಎಲ್ಲ ಅಲ್ಲೇ. ಅಬ್ದುಲಗನಿ ವಿಷಯ ಕೇಳಿದವನೇ ಕಪಾಟಿನಿಂದ ಟೇಪ್ ರೆಕಾರ್ಡರ್ ತೆಗೆದಿಟ್ಟ.

"ಕಂಪ್ಯೂಟರ್ ಆಮ್ಯಾಲ ನೋಡೂನು. ಸೋಮಣ್ಣಾ, ಇವತ್ತ ಇದರಾಗ ಕೂಗಿ ಹೋಗು."

ಸೋಮನಿಂಗ ಕೈ ಅಡ್ಡ ಮಾಡಿದ. "ಮುಂದ ರಾಶಿ ಇಲ್ದ ಕೂಗಾಂಗಿಲ್ಲ ಗನೀ. ಬರೇ ನೆಲದ ಮ್ಯಾಲ ನಿಂತು ಲಿಲಾವು ಕೂಗಿದ್ರ ಆ ಜಾಗಾನ ಲಿಲಾವಿಗೆ ಇಟ್ಟಂಗ. ಮನ್ಯಾಗ ಕೂಗಿದ್ರ ಮನೀನ ಹೋಗತೈತಿ. ನಮ್ಮಪ್ಪ ಹೇಳಿದ್ದು."

"ಹಂಗಾರ ಬಜಾರದಾಗ ಹಿಡೀತೇನಿ."

"ಅಲ್ಲಿ ಗದ್ದಲ," ಎಂದ ಸಿದ್ದಾರೂಢ. "ಟೇಪಿನ್ಯಾಗ ಬರೇ ಸುಂಯ್ ಅನ್ನತೈತಿ. ನೇರ ಕಂಪ್ಯೂಟರಿಗೇ ಹಿಡೀಬೇಕು. ಮೊದಲ ಮಷಿನ್ ತಯಾರಾಗ್ಲಿ. ಅವತ್ತ ಒಂದು ಚೀಲ ಲಿಂಬಿ ತಂದು ಇಲ್ಲೇ ಸುರುವೂನು. ದನಿ ಎಲ್ಲಿ ಓಡಿ ಹೋಗತೈತಿ?"

ಚನ್ನವ್ವನಿಗೂ ಅದೇ ಸಮಾಧಾನವೆನಿಸಿತು. ಜೀವಂತ ಮನುಷ್ಯನ ದನಿಯನ್ನು ಈಗಲೇ ಹಿಡಿದಿಡುವುದೆಂದರೆ ಎದುರಿಗೆ ಕೂತವನ ಫೋಟೋಕ್ಕೆ ಹಾರ ಹಾಕಿದಂತೆ ಎಂದು ಅವಳು ಮೊದಲೇ ಹೆದರಿದ್ದಳು. ಟೇಪ್ ರೆಕಾರ್ಡರ್ ಕಪಾಟಿಗೆ ಮರಳಿತು.

ಮಷಿನ್ ತಯಾರಾಗಲು ಹೊರಟಿತು. ಅದರ ಹೊಟ್ಟೆಯ ತುಂಬ ಮಂದಿಯ ಮದುವೆ ವಿಡಿಯೋಗಳು.

"ಎಷ್ಟ ಎಂಬಿ ಜಾಗಾ ಬೇಕೋ?" ಅಬ್ದುಲಗನಿ ಕೇಳಿದ.

"ಎಷ್ಟ್ ಲಿಂಬಿ ಅಂದಿ?" ಮೂಲೆಯಲ್ಲಿದ್ದ ಸೋಮನಿಂಗ ಪಿಸುಗುಟ್ಟಿದ. ಮೂವರೂ ನಕ್ಕರು. ಆ ಅಂಗಡಿಯಲ್ಲಿ ಅವರು ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮದುವೆಗಳನ್ನು ಸಿಡಿಗೆ ಇಳಿಸಿ ಜಾಗ ಮಾಡಿದರು. ಫೋನಿನ ತಂತಿಯ ಇಂಟರ್ನೆಟ್ಟಿನಲ್ಲಿ, ಮೊಬೈಲ್ ಗೇಮ್ ಬರೆಯುವ ಜಾವಾ ಎಂಬ ಸಾಫ್ಟ್‌ವೇರ್ ಇಳಿಸಲು ಕೂತರೆ ಅರ್ಧಕ್ಕೆ ಬರುವಷ್ಟರಲ್ಲಿ ಯಾರಾದರೂ ಲಗ್ನಪತ್ರಿಕೆ ಕೇಳಲು ಫೋನು ಮಾಡುತ್ತಿದ್ದರು, ಸಂಪರ್ಕ ಕಡಿಯುತ್ತಿತ್ತು. "ಜಾವಾ ಅಂದ್ರ ಗಾಡಿ ಅಲ್ಲೇನೋ? ಒದ್ದು ಚಾಲೂ ಮಾಡು," ಎಂದ ಗಿರಾಕಿಯೊಬ್ಬನಿಗೆ ಸಿದ್ದಾರೂಢ ಅವನದೇ ದನಿಯಲ್ಲಿ ಬೈದು ಕಳಿಸಿದ. ಕಡೆಗೆ ವಿಜಾಪುರದ ಗೆಳೆಯನಿಂದ ಸಿಡಿ ತರಿಸಿದ. ಅದು ಗೀಚಿಹೋಗಿತ್ತು. ಇನ್ನೊಂದು ತರಿಸಿದ. ಅದನ್ನು ಹಾಕಿ ಆದೇಶ ಬರೆದರೆ, ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬಂತೆ ಕಂಪ್ಯೂಟರ್ ಕೈ ಅಲ್ಲಾಡಿಸಿತು. ಜಾವಾ ಎಲ್ಲಿ ಕೂತಿದೆಯೆಂದು ಕಂಪ್ಯೂಟರಿಗೆ ವಿಳಾಸ ಬರೆದುಕೊಡಬೇಕು ಎಂಬುದನ್ನು ಕಾಲೇಜಿನಲ್ಲಿ ಹೇಳಿದ್ದರು. ಆ ದಿನ ಸಿದ್ದಾರೂಢ ಹೊರಗೆ ಪ್ರಿನ್ಸಿಪಾಲರ ಮಿಮಿಕ್ರಿ ಮಾಡುತ್ತಿದ್ದ. ವಿಳಾಸ ಸರಿಯಾಗುವ ಹೊತ್ತಿಗೆ ಕರೆಂಟು ಹೋಗಿ ಬಂದು, ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಸುಟ್ಟು ಅಂಗಡಿಯ ತುಂಬ ವಾಸನೆ ಹಬ್ಬಿತು. ಅದನ್ನೂ ವಿಜಾಪುರಕ್ಕೆ ಕಳಿಸಿ ಕಾದರು. ಶ್ರಾವಣ ಸೋಮವಾರಗಳು ಒಂದೊಂದೇ ಕಳೆದವು.

ಸೋಮನಿಂಗ ದಿನವೂ ಬಂದು ಸ್ಟೂಲಿನ ಮೇಲೆ ಕೂಡುತ್ತಿದ್ದ. ಬಜಾರಿಗೆ ರಜೆ ಹಾಕಿದ್ದ. ಮನೆಯಲ್ಲೂ ಮಾತು ನಿಲ್ಲಿಸಿದ್ದ. ಉಪ್ಪು ಬೇಕಾದರೆ ಕೈಸನ್ನೆ, ನೀರು ಬೇಕಾದರೆ ತಂಬಿಗೆ ಬಡಿಯುವುದು. ಚನ್ನವ್ವ ಕೇಳಿದಾಗ ಮಗ್ಗುಲಿಗೆ ಬಂದು ಬರೀ ಉಸಿರಿನಲ್ಲಿ ಹೇಳಿದ್ದ: "ಉಳಿಸಾಕತ್ತೇನಿ. ಆ ದಿನಕ್ಕ ಪೂರಾ ಬೇಕಲ್ಲ."

ಆ ದಿನ ಬಂತು. ಸೊಲ್ಲಾಪುರಕ್ಕೆ ಹೊರಡುವುದು ಮಾರನೆಯ ಬೆಳಿಗ್ಗೆ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರದ ಮೊಬೈಲೊಂದು ಮೂಡಿತು. ಅದರ ಒಂದನೇ ಗುಂಡಿಯನ್ನು ಮೌಸಿನಿಂದ ಒತ್ತಿದರೆ ಟಿಂಗ್ ಎಂದಿತು. ಸಿದ್ದಾರೂಢ ಕುಣಿದ. ಅಬ್ದುಲಗನಿ ಚೀಲ ಬಿಚ್ಚಿ ನಿಂಬೆಹಣ್ಣು ಸುರುವಿದ. ಝೆರಾಕ್ಸ್ ಮಷಿನ್ನಿನ ಕಾಲಿನವರೆಗೆ ಹಳದಿ ರಾಶಿ ಉರುಳಿತು. ಸೋಮನಿಂಗ ರುಮಾಲು ಬಿಗಿದು, ರಾಶಿಗೆ ಕೈ ಮುಗಿದು, ಮೈಕಿನ ಮುಂದೆ ನಿಂತ. ಎದೆ ಉಬ್ಬಿಸಿದ. ಬಾಯಿ ತೆರೆದ.

ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ ಒಂದು ಶಬ್ದ ಬಂತು.

ಮತ್ತೊಮ್ಮೆ ಎದೆ ಉಬ್ಬಿಸಿದ. ಕುತ್ತಿಗೆಯ ನರಗಳು ಹುರಿಯಂತೆ ಎದ್ದವು, ಕಣ್ಣಲ್ಲಿ ನೀರು ಬಂತು. ಮತ್ತೂ ಗಾಳಿಯೇ. ಎಷ್ಟು ಜೋಪಾನವಾಗಿ ಉಳಿಸಿದ್ದನೆಂದರೆ, ಅದು ಯಾವಾಗ ಹೋಯಿತೆಂದು ಅವನಿಗೇ ತಿಳಿದಿರಲಿಲ್ಲ.

ಸೋಮನಿಂಗ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಸಿದ್ದಾರೂಢನ ತೋಳು ಹಿಡಿದು ಮೈಕಿನ ಮುಂದೆ ತಂದು ನಿಲ್ಲಿಸಿದ.

"ನಾ ಬ್ಯಾಡ ಮಾಮಾ. ನಂದು ನಗಸೂದು."

ಸೋಮನಿಂಗ ಎರಡೂ ಕೈ ಜೋಡಿಸಿದ.

ಸಿದ್ದಾರೂಢ ಕೂಗಿದ. ಕತ್ತು ಚಾಚಲಿಲ್ಲ, ಕಣ್ಣು ಅಗಲಿಸಲಿಲ್ಲ. ಆದರೂ ದನಿ ಚಹಾದಂಗಡಿಯದೇ ಬಂತು, ಬೇರೆ ಅವನಲ್ಲಿ ಇರಲಿಲ್ಲ. ಒಂದ್ ಸಲಾ, ಎರಡ್ ಸಲಾ, ಮೂರ್ ಸಲಾ, ಆಮೇಲೆ ದರದ ಅಂಕಿಗಳು. ಅಷ್ಟಕ್ಕೇ ಮೊಬೈಲಿನ ಜಾಗ ತುಂಬಿತು.

"ನನ್ನ ಹೆಸರು?" ರಾತ್ರಿ ಬುತ್ತಿ ಕಟ್ಟುತ್ತ ಚನ್ನವ್ವ ಕೇಳಿದಳು. "ಚನ್ನೀ ಅಂತ ಕರೀತಿದ್ರಲ್ಲ."

"ಜಾಗಾ ಇಲ್ಲಕ್ಕಾ."

ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಮೈ ಚೇತರಿಸಿಕೊಂಡ ಮೇಲೆ ಸೋಮನಿಂಗ ಬಜಾರಿಗೆ ಹೋಗಿ ತನ್ನ ಕಲ್ಲಿನ ಮೇಲೆ ನಿಂತ. ಸಿದ್ದಾರೂಢ ಕೊಟ್ಟ ಮೊಬೈಲಿನಿಂದ ತಂತಿಯೊಂದು ಸ್ಪೀಕರಿಗೆ ಹೋಗಿತ್ತು. ಒಂದು ಒತ್ತಿದ.

"ಒಂದ್ ಸಲಾ!"

ಮೊದಲು ನಕ್ಕವನು ಯಾರೋ ಮುದ್ದೇಬಿಹಾಳದ ಕಡೆಯ ಖರೀದಿದಾರ. "ಲೇ, ಇದು ಸಿದ್ದ್ಯಾನ ಮಿಮಿಕ್ರಿಲೇ!" ಆಮೇಲೆ ಹಮಾಲರು ನಕ್ಕರು, ಬೆಳೆದವರು ನಕ್ಕರು. ಕೆಟ್ಟ ಮಂದಿಯಲ್ಲ. ಆ ದನಿಗೆ ನಗಬೇಕೆಂದು ವರ್ಷಗಟ್ಟಲೆ ರೂಢಿಯಾಗಿತ್ತು, ಅಷ್ಟೇ. ಸೋಮನಿಂಗ ಎರಡು ಒತ್ತಿ, ಎಂದಿನಂತೆ ನಿಂತ. ರಾಶಿ ನೋಡಿದ, ಆಕಾಶ ನೋಡಿದ. ಬೆರಳು ಏಳಬೇಕಾದ ಆ ಜಾಗದ ತುಂಬ ನಗು ತುಂಬಿಕೊಂಡಿತು.

ರೈತರ ಮಾಲು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಯ ಗುರುಲಿಂಗಪ್ಪ ನಗು ತಡೆದುಕೊಂಡು ಸಿದ್ದಾರೂಢನನ್ನು ಕರೆದ.

"ಮಾಲು ಬಿಸಲಾಗ ಕುಂತೈತಿ ತಮ್ಮಾ. ಪೆಟಿಗಿ ಯಾಕ? ನೀನ ಕೂಗು."

"ಸಾವ್ಕಾರ್ರ, ಮಾಮಾ..."

"ಅವಂದ ದನಿ ಅಲ್ಲೇನು? ಕೂಗು, ಕೂಗು."

ಸಿದ್ದಾರೂಢ ಕೂಗಿದ. ಎದುರಿಗೆ ಮನುಷ್ಯ ನಿಂತು ಕೂಗಿದಾಗ ನಗು ಬೇಗನೆ ಹಳತಾಯಿತು. ಮಧ್ಯಾಹ್ನದೊಳಗೆ ಮಾಲು ಹೋಯಿತು. ಮರುದಿನವೂ ಅವನೇ ಕೂಗಿದ.

ದೀಪಾವಳಿಯ ಹೊತ್ತಿಗೆ ನಗುವವರು ಒಬ್ಬರೂ ಉಳಿಯಲಿಲ್ಲ. ಮಿಮಿಕ್ರಿಯೇ ಬಜಾರಿನ ದನಿಯಾಯಿತು. ಸೋಮನಿಂಗ ರಾಶಿಯ ಪಕ್ಕ ಕೂತು ಕೊಳೆತ ಹಣ್ಣು ಆರಿಸುತ್ತಿದ್ದ. ಪ್ರತಿ ಲಿಲಾವಿನಲ್ಲೂ ಎರಡಕ್ಕೆ ಸರಿಯಾಗಿ ಅವನ ಅಂಗೈ ಮೇಲೇಳುತ್ತಿತ್ತು, ನಿಲ್ಲು ಎನ್ನುವ ಹಾಗೆ. ಸಿದ್ದಾರೂಢನ ಬೆನ್ನಿಗೆ ಕಣ್ಣಿರಲಿಲ್ಲ. ಒಂದೇ ಉಸಿರಿಗೆ ಮೂರೂ ಮುಗಿದು, ಬೆಳೆದವನು ಸಿಕ್ಕಷ್ಟು ತೆಗೆದುಕೊಂಡು ಟೆಂಪೋ ಹತ್ತುತ್ತಿದ್ದ.

ಒಂದು ಮಧ್ಯಾಹ್ನ ಇಬ್ಬರೂ ಬಜಾರಿನಿಂದ ಬಂದು ಉಣ್ಣಲು ಕೂತರು. ಸಿದ್ದಾರೂಢ ರೊಟ್ಟಿ ಮುರಿಯುತ್ತ ಒಳಗೆ ಮುಖ ಮಾಡಿದ.

"ನೀರ ತಾ."

"ತರ್ತೇನಿ ತಡೀರಿ," ಎಂದಳು ಚನ್ನವ್ವ ಒಳಗಿನಿಂದ.

ತಂಬಿಗೆ ಹಿಡಿದು ಅವಸರದಿಂದ ಬಂದವಳು ಬಾಗಿಲಲ್ಲೇ ನಿಂತಳು. ಗಂಡ ತಲೆ ಬಗ್ಗಿಸಿ ಕೂತಿದ್ದ. ತಮ್ಮ ಅವಳನ್ನೇ ನೋಡುತ್ತಿದ್ದ.

"ನಿನ್ನ ದನೀಲೆ ಕೇಳೋ ತಮ್ಮಾ," ಎಂದಳು. ತಂಬಿಗೆಯ ಅಂಚಿನಿಂದ ನೀರು ತುಳುಕಿತು. "ನನ್ನ ಗಂಡನ ದನೀಲೆ ನನ್ನ ಕರೀಬ್ಯಾಡ."

ಸಿದ್ದಾರೂಢ ಗಂಟಲು ಸರಿಮಾಡಿಕೊಂಡ. "ಅಕ್ಕಾ," ಎಂದ. ಅದೇ ದನಿ ಬಂತು. ಇನ್ನೊಮ್ಮೆ ಎಂದ. ಗಂಟಲಿನಿಂದ ಟೆಂಪೋದ ಕ್ಲೀನರ್ ಬಂದ, ಜವಾನ ಬಂದ. ಸಿದ್ದಾರೂಢ ಮಾತ್ರ ಬರಲಿಲ್ಲ.

ಸೋಮನಿಂಗ ಕೈ ಒರೆಸಿಕೊಂಡು ಅಂಗಿಯ ಜೇಬಿನಿಂದ ಮೊಬೈಲ್ ತೆಗೆದ. ಒಂದು ಒತ್ತಿದ.

"ಒಂದ್ ಸಲಾ!"

"ಬ್ಯಾಡ್ರಿ," ಎಂದಳು ಚನ್ನವ್ವ. "ಮನ್ಯಾಗ ಬ್ಯಾಡ್ರಿ. ಮನೀನ ಹೋಗತೈತಿ."

ಎರಡು ಒತ್ತಿದ.

"ಎರಡ್ ಸಲಾ!"

ಆಮೇಲೆ ಕೂತಲ್ಲೇ ಎರಡಕ್ಕೆ ನಿಂತ. ತಂಬಿಗೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ತಲೆಯ ಮೇಲಿನ ಜಂತಿಯನ್ನು ನೋಡಿದ. ಬಟ್ಟೆ ಸರಿಸಿ, ತೂತಿನ ಪಕ್ಕದಲ್ಲಿ ಕುತ್ತಿಗೆಯನ್ನು ಮೆಲ್ಲಗೆ ಕೆರೆದುಕೊಂಡ. ಹೆಬ್ಬೆರಳು ಮೂರರ ಮೇಲಿತ್ತು. ಆ ಹೊತ್ತು ಎಷ್ಟು ಉದ್ದವಿರುತ್ತದೆಂದು ಸಿದ್ದಾರೂಢ ಮೊದಲ ಸಲ ಕೂತು ನೋಡಿದ.

ಯಾರ ಬೆರಳೂ ಏಳಲಿಲ್ಲ.