ಮಾನಸಾ ಟಿಫನ್ ರೂಮಿನ ಪ್ರಕಟಣೆ

ನನ್ನ ದನಿ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು. ಮೊದಲೆಲ್ಲ ಫೋನೆತ್ತಿದರೆ ಆ ಕಡೆಯವರು "ಹೇಳಿ ಮೇಡಂ" ಅನ್ನುತ್ತಿದ್ದರು. ಅಂಥ ಗಂಟಲನ್ನು ಆರು ವರ್ಷ ಪಳಗಿಸಿದ್ದೇನೆ. ಬೆಳಗಿನ ಜಾವ ಎದ್ದ ಕೂಡಲೇ, ಕಾಫಿಯನ್ನೂ ಮುಟ್ಟದೆ, ಗೋಡೆಗೆಲ್ಲ ರಗ್ಗು ಇಳಿಬಿಟ್ಟ ಕೋಣೆಯಲ್ಲಿ ಕೂತು, ಮೈಕಿಗೆ ಮೂಗು ತಾಗುವಷ್ಟು ಹತ್ತಿರ ಬಾಯಿಟ್ಟು, ಹೊಟ್ಟೆಯಿಂದ ನಿಧಾನವಾಗಿ ಮಾತು ಎತ್ತಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಬೇಸ್ ಏರಿಸಿ ಚೂರು ಎಕೋ ಸೇರಿಸಿದರೆ, ಯಾವ ರೇಡಿಯೋದವನೂ ಈ ನಟರಾಜನ ಮುಂದೆ ನಿಲ್ಲಲಾರ.

ಹೊಳೆನರಸೀಪುರದಲ್ಲಿ ಯಾರು ತೀರಿಕೊಂಡರೂ ಸುದ್ದಿ ಮುಟ್ಟಿಸುವುದು ನನ್ನ ದನಿಯೇ. ಪಾಲಾಕ್ಷನ ಆಟೋಗೆ ಮೈಕ್ ಕಟ್ಟಿ ಬೀದಿ ಬೀದಿ ಸುತ್ತಿಸುತ್ತೇವೆ. ಅರಕಲಗೂಡಿನಿಂದಲೂ ಆರ್ಡರ್ ಬರುತ್ತದೆ. ಬದುಕಿದ್ದಾಗ ಯಾರೂ ಲೆಕ್ಕಕ್ಕಿಡದ ಮನುಷ್ಯನೂ ನನ್ನ ಬಾಯಲ್ಲಿ ಗಣ್ಯನಾಗುತ್ತಾನೆ. "ನಿಮ್ ದನೀಲಿ ನಮ್ಮೆಸ್ರು ಬತ್ತದೆ ಅಂದ್ರೆ ಸತ್ರೂ ಪರ್ವಾಗಿಲ್ಲ ಸಾ" ಎಂದಿದ್ದ ನಮ್ಮ ಬೀದಿಯ ಚಂದ್ರಯ್ಯ. ನಾನದನ್ನು ಪ್ರಶಸ್ತಿ ಎಂದೇ ಸ್ವೀಕರಿಸಿದ್ದೆ.

ಹೆಂಡತಿ ಮಾನಸಾಳಿಗೆ ಟಿಫನ್ ರೂಮ್ ತೆರೆಯುವ ಆಸೆ ಬಹಳ ವರ್ಷದ್ದು. ಕೊನೆಗೂ ಕೋಟೆ ಬೀದಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಶುರು ಮಾಡಿದಳು. ಮೊದಲ ದಿನಕ್ಕೆ ಇನ್ನೂರು ತಟ್ಟೆ ಇಡ್ಲಿ.

"ಮೊದಲ್ನೇ ದಿನ ಜನ ತಿಂದು ಓದ್ರೆ ಅಂಗ್ಡಿ ನಿಂತ್ಕತದೆ. ನಾನೇ ನಾಕ್ ಬೀದಿ ಕೂಗ್ಕಂಡ್ ಬತ್ತೀನಿ ಕಣ್ರೀ" ಎಂದಳು.

"ನಿನ್ ಗಂಟ್ಲಲ್ಲಿ ಕೂಗ್ತೀಯಾ? ಲೋಟ ಬಿದ್ದಂಗೆ ಕೇಳ್ತದೆ. ನಾನಿಲ್ವಾ?" ಎಂದೆ.

ಬೆಳಿಗ್ಗೆ ಆರಕ್ಕೆ ಪಾಲಾಕ್ಷನ ಆಟೋ ಹೊರಟಿತು. "ಕೋಟೆ ಬೀದಿಯ ನಟರಾಜ್‌ರವರ ಧರ್ಮಪತ್ನಿ ಶ್ರೀಮತಿ ಮಾನಸಾರವರ ಟಿಫನ್ ರೂಮ್ ಇಂದು ಬೆಳಿಗ್ಗೆ ಏಳು ಗಂಟೆಗೆ ಸ್ವಗೃಹದಲ್ಲಿ ಆರಂಭ. ಬಂಧುಮಿತ್ರರು ಆಗಮಿಸಬೇಕಾಗಿ ವಿನಂತಿ." ಆರು ವರ್ಷದ ಅಭ್ಯಾಸ, ಬಾಯಿಗೆ ಅದೇ ಧಾಟಿ ಬಂತು.

ಏಳೂವರೆಗೆ ಬೀದಿ ತುಂಬಿತು. ಹಲವರ ಕೈಯಲ್ಲಿ ಹಾರ! ಉದ್ಘಾಟನೆಗೆ ಎಷ್ಟು ಅಭಿಮಾನ ಎಂದು ನಾನು ಕೈಮುಗಿದು ನಿಂತೆ. ಪಕ್ಕದ ಬೀದಿಯ ಬೀರಮ್ಮ "ಇಷ್ಟ್ ಬೇಗ ಓಗ್ಬುಟ್ಯಲ್ಲೇ ನನ್ನವ್ವಾ!" ಎಂದು ಎದೆ ಬಡಿದುಕೊಳ್ಳುತ್ತ ಒಳಗೆ ನುಗ್ಗಿದರು. ಚಟ್ನಿ ಸೌಟು ಹಿಡಿದ ಮಾನಸಾ ಎದುರಿಗೆ ಬಂದಳು. ಬೀರಮ್ಮನ ಅಳು ಅರ್ಧಕ್ಕೇ ನಿಂತಿತು. ದನಿ ನನ್ನದು, ಹೆಸರು ಮಾನಸಾಳದ್ದು. ಮಿಕ್ಕದ್ದನ್ನು ಯಾರೂ ಕೇಳಿಸಿಕೊಂಡಿರಲೇ ಇಲ್ಲ.

ಎಲ್ಲರೂ ನಕ್ಕರು. ನಾನೂ ನಕ್ಕು, "ಬನ್ನಿ, ಇಡ್ಲಿ ತಿನ್ನಿ" ಎಂದೆ. ಒಬ್ಬರೂ ಕದಲಲಿಲ್ಲ.

"ಸಾವಿಗೆ ಅಂತ ಮನೆ ಬುಟ್ಟಿದ್ದೀವಿ ಸಾ. ನೀರುಯ್ಕಳ್ದೆ ಬಾಯಿಗ್ ಏನೂ ಆಕಳಂಗಿಲ್ಲ" ಎಂದ ಚಂದ್ರಯ್ಯ.

"ಯಾರೂ ಸತ್ತಿಲ್ವಲ್ಲಯ್ಯಾ!"

"ನಾವ್ ಒಂಟಿದ್ದು ಸಾವಿಗೇ ತಾನೆ?"

ಎಲ್ಲರೂ ಸ್ನಾನಕ್ಕೆ ಹೋದರು. ಸ್ನಾನ ಮಾಡಿ ಅವರವರ ಮನೆಯಲ್ಲೇ ತಿಂದರು. ಹೆಣಕ್ಕೆ ತಂದ ಹಾರವನ್ನು ಮನೆಗೆ ಒಯ್ಯುವಂತಿಲ್ಲ, ಹಾಗಾಗಿ ಎಲ್ಲವನ್ನೂ ನಮ್ಮ ಜಗಲಿಯ ಮೇಲೆ ಇಟ್ಟುಹೋದರು. ಆಮೇಲೆ ಬಂದ ನಿಜವಾದ ಗಿರಾಕಿಗಳು ಆ ಹಾರದ ರಾಶಿ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದು, ಮುಂದಿನ ಹೋಟೆಲಿಗೆ ನಡೆದರು.

ಹತ್ತು ಗಂಟೆಗೆ ಪಾಲಾಕ್ಷ ಬಂದ. "ಏನ್ ಜನ ಸಾ! ನಿಮ್ ರೆಕಾರ್ಡಿಂಗ್‌ಗೆ ಇಷ್ಟ್ ಜನ ಯಾವತ್ತೂ ಸೇರಿರ್ಲಿಲ್ಲ!"

ಮಾನಸಾ ಆರಿದ ಇಡ್ಲಿಯನ್ನೆಲ್ಲ ಬುಟ್ಟಿಗೆ ಸುರಿಯುತ್ತಿದ್ದಳು. ಕಣ್ಣು ಕೆಂಪಾಗಿತ್ತು. ನನಗೆ ನಾಚಿಕೆಯಾಯಿತು, ಅವಳ ಮುಖ ನೋಡಲಾಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ರೆಕಾರ್ಡಿಂಗ್ ಅಳಿಸಲು ಹೊರಟೆ.

"ಅಳುಸ್ಬೇಡಿ" ಎಂದಳು. "ಟಿಫನ್ ರೂಮ್ ಅನ್ನೋದೊಂದು ಕಿತ್ತಾಕಿ ಮಡಿಕ್ಕಳಿ. ಮುಂದೆ ನಂಗೇ ಬೇಕಾಯ್ತದೆ."