ಕುಂಗ್‌ನ ತೂಕ ಹೇಳಿದ ತಕ್ಕಡಿ

ನಾನು ಒಂದು ತೂಗುತಕ್ಕಡಿ. ಎರಡು ತಟ್ಟೆ ಇರುವ ಅಂಗಡಿಯ ತಕ್ಕಡಿ ಅಂದುಕೊಳ್ಳಬೇಡಿ. ನನಗೆ ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ನಡುವೆ ದುಂಡು ಮುಖ, ಅದರಲ್ಲಿ ಒಂದೇ ಒಂದು ಮುಳ್ಳು. ಹೊಟ್ಟೆಯೊಳಗೆ ಸ್ಪ್ರಿಂಗು. ಬ್ಯಾಂಕಾಕ್‌ನ ಒಂದು ಇಕ್ಕಟ್ಟಿನ ಓಣಿಯಲ್ಲಿ, ದಿನವಿಡೀ ತಗಡು ಬಡಿಯುವ ಸದ್ದಿನ ನಡುವೆ ಹುಟ್ಟಿದೆ. ನನ್ನ ಒಡಹುಟ್ಟಿದವರೆಲ್ಲ ಹಂದಿಮಾಂಸ, ಮೀನು ತೂಗಲು ಸಂತೆಗೆ ಹೋದರು. ನನ್ನನ್ನು ಮಾತ್ರ ಆ ದೇಶದ ಈಶಾನ್ಯ ಭಾಗದ ಒಂದು ನರ್ಸಿಂಗ್ ಕಾಲೇಜಿನವರು ಕೊಂಡರು.

ಅಲ್ಲಿ ಮೊದಲು ಸಿಕ್ಕಿದ್ದು ರಬ್ಬರ್ ಬೊಂಬೆ. ಹುಡುಗಿಯರು ಅದನ್ನೇ ತೂಗಿ ತೂಗಿ ಕಲಿಯುತ್ತಿದ್ದರು. ಅದು ಅಳುವುದಿಲ್ಲ, ಒದೆಯುವುದಿಲ್ಲ, ಬೆಳೆಯುವುದಂತೂ ಇಲ್ಲವೇ ಇಲ್ಲ. ಥೂ, ಇದೂ ಒಂದು ಬಾಳಾ ಅಂತ ನಾನು ಬೇಸತ್ತು ಹೋಗಿದ್ದೆ.

ನನ್ನನ್ನು ಅಲ್ಲಿಂದ ಬಿಡಿಸಿದವಳು ಉರೈವಾನ್. ಕಾಲೇಜಿನಲ್ಲಿ ಪಾಠ ಹೇಳುವ ನರ್ಸು. ಕಲಿಸುವವರನ್ನು ಅಲ್ಲಿ ಆಚಾನ್ ಅನ್ನುತ್ತಾರೆ. ಎಳೆಯ ವಯಸ್ಸಿನಲ್ಲೇ ತಾಯಿಯಾದ ಹುಡುಗಿಯರ ಮಕ್ಕಳು ಮನೆಗಳಲ್ಲಿ ಹೇಗೆ ಬೆಳೆಯುತ್ತಾರೆ ಅಂತ ಅವಳು ಸಂಶೋಧನೆ ಹಿಡಿದಿದ್ದಳು. ನನ್ನನ್ನು ಚೀಲಕ್ಕೆ ಹಾಕಿಕೊಂಡು, ಮೋಟಾರ್‌ಸೈಕಲ್ ಹತ್ತಿ, ಗದ್ದೆಗಳ ನಡುವಿನ ಹಳ್ಳಿಗಳನ್ನು ಸುತ್ತುತ್ತಿದ್ದಳು. ಕಂಬಗಳ ಮೇಲೆ ನಿಂತ ಮರದ ಮನೆಗಳು. ಮನೆಯಡಿಯ ತೊಲೆಗೆ ನನ್ನನ್ನು ನೇತುಹಾಕಿ, ಚೌಕಳಿ ಬಟ್ಟೆಯಲ್ಲಿ ಕೂಸನ್ನು ಜೋಲಿ ಕಟ್ಟಿ ತೂಗುವುದು. ಬೆಚ್ಚಗಿನ ಜೀವವೊಂದು ನನ್ನ ಕೊಕ್ಕೆಗೆ ಜೋತುಬಿದ್ದು ಕಾಲು ಝಾಡಿಸಿದಾಗ ಆದ ಖುಷಿ ನಿಮಗೆ ಹೇಗೆ ಹೇಳಲಿ! ಕೆಲವರು ನನ್ನ ಮೇಲೆ ಉಚ್ಚೆ ಹೊಯ್ದದ್ದೂ ಉಂಟು, ಹೊಯ್ಯಲಿ ಬಿಡಿ.

ಅಂಥ ಒಂದು ಮನೆ ಚಾನ್‌ಪೇಂಗ್ ಅಜ್ಜಿಯದು. ಎಲ್ಲರೂ ಅವಳನ್ನು ಯಾಯ್ ಅನ್ನುತ್ತಿದ್ದರು, ತಾಯಿಯ ಕಡೆಯ ಅಜ್ಜಿಯನ್ನು ಅಲ್ಲಿ ಹಾಗೇ ಕರೆಯುವುದು. ಮಗಳು ಸಾಯ್‌ಫನ್‌ಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಗಂಡ ದೂರದ ಕಡಲಲ್ಲಿ ಮೀನುದೋಣಿಯ ಕೂಲಿ. ಅವಳ ಕೂಸಿಗೆ ಕುಂಗ್ ಅಂತ ಅಡ್ಡಹೆಸರು, ಅಂದರೆ ಸೀಗಡಿ. ಆ ಕಡೆ ಕೂಸನ್ನು ಮುದ್ದಾಗಿದೆ ಅನ್ನಬಾರದು, ದೆವ್ವದ ಕಣ್ಣು ಬೀಳುತ್ತದಂತೆ. ಹಾಗಾಗಿ ಉರೈವಾನ್ ಬಂದಾಗಲೆಲ್ಲ "ಎಂಥ ಕುರೂಪಿ ಇದು" ಅಂತ ಅದರ ಗಲ್ಲ ಹಿಂಡಿ ನಗುತ್ತಿದ್ದಳು.

ತಾಯಿಹಾಲು ಬಿಟ್ಟು ಬೇರೇನೂ ಕೊಡಬೇಡಿ ಅಂತ ಅವಳು ಪ್ರತಿ ಸಲವೂ ಹೇಳುವಳು. ಕೊಡುತ್ತಿಲ್ಲ ಆಚಾನ್, ಎಲ್ಲ ಚೆನ್ನಾಗಿದೆ ಆಚಾನ್ ಅಂತ ಯಾಯ್ ಕೈ ಮುಗಿಯುವಳು. ನಿಜ ಬೇರೆಯಿತ್ತು. ಅಂಟಕ್ಕಿ ಅನ್ನವನ್ನು ತಾನೇ ಅಗಿದು, ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಟ್ಟು, ಯಾಯ್ ಮೊಮ್ಮಗನ ಬಾಯಿಗಿಡುತ್ತಿದ್ದಳು. ಅವಳ ಅಮ್ಮ ಅವಳಿಗೆ ಕೊಟ್ಟದ್ದೂ ಅದೇ, ಅವಳು ತನ್ನ ಮಕ್ಕಳಿಗೆ ಕೊಟ್ಟದ್ದೂ ಅದೇ. ಪ್ರೀತಿಯಿಂದಲೇ ಕೊಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಂಗ್‌ಗೆ ಅದು ಒಗ್ಗಲಿಲ್ಲ. ಭೇದಿ ಹತ್ತಿತು, ಹಾಲು ಕುಡಿಯುವುದು ಕಡಿಮೆಯಾಯಿತು, ತೊಡೆಯ ಚರ್ಮ ಸಡಿಲವಾಯಿತು. ಸಾಯ್‌ಫನ್‌ಗೆ ಎಲ್ಲ ಕಾಣುತ್ತಿತ್ತು. ಹೆತ್ತ ತಾಯಿಯ ಎದುರು ಬಾಯಿ ಬಿಡುವುದಕ್ಕೆ ಮಾತ್ರ ಧೈರ್ಯ ಬರುತ್ತಿರಲಿಲ್ಲ.

ಇಷ್ಟಾದರೂ ನನ್ನ ಮುಳ್ಳು ಪ್ರತಿ ತಿಂಗಳೂ ಮುಂದಕ್ಕೇ ಹೋಗುತ್ತಿತ್ತಲ್ಲ! ಯಾಕೆ ಅಂತೀರಾ? ಒಮ್ಮೆ ಅವರ ಜೊತೆ ಊಟಕ್ಕೆ ಕೂತಾಗ ಉರೈವಾನ್ ತಮಾಷೆಗೆ, ಈ ಕೂಸುಗಳು ದಪ್ಪಗಾದರೆ ನಾನು ಪಾಸು, ಇಲ್ಲದಿದ್ದರೆ ನನ್ನ ಸಂಶೋಧನೆ ನೋಡಿಕೊಳ್ಳುವ ದೊಡ್ಡ ಆಚಾನ್ ಹತ್ತಿರ ಬೈಸಿಕೊಳ್ಳಬೇಕು ಅಂದುಬಿಟ್ಟಿದ್ದಳು. ಯಾಯ್ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಬಿಸಿಲಲ್ಲಿ ಅಷ್ಟು ದೂರದಿಂದ ಬರುವ ಹುಡುಗಿ, ಪಾಪ, ನಮ್ಮಿಂದ ಬೈಸಿಕೊಳ್ಳುವುದೇ? ಮೀನಿನ ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ, ಕುಂಗ್‌ನ ಸೊಂಟದ ಪಟ್ಟಿಯೊಳಗೆ ಹೊಲಿದಳು. ತಿಂಗಳಿಗೆ ಇನ್ನಷ್ಟು ಗುಂಡು. ನನಗೆ ಸೀಸವೂ ಒಂದೇ, ಕೂಸೂ ಒಂದೇ. ಜೋತುಬಿದ್ದದ್ದರ ತೂಕ ಹೇಳುವುದಷ್ಟೇ ನನ್ನ ಕೆಲಸ. ಒಳಗೊಳಗೇ ಕುದಿಯುತ್ತಿದ್ದೆ, ಆದರೆ ನನಗೆ ಬಾಯಿ ಎಲ್ಲಿದೆ?

ಆ ತಿಂಗಳು ಮುಳ್ಳು ನೋಡಿ ಉರೈವಾನ್‌ಗೆ ಸಂತೋಷವಾಯಿತು. ಕುಂಗ್ ಚೆನ್ನಾಗಿ ಬೆಳೆಯುತ್ತಿದ್ದಾನೆ, ಇನ್ನು ಮಳೆಗಾಲ ಕಳೆದ ಮೇಲೆ ಬಂದರೆ ಸಾಕು ಅಂದಳು. ಯಾಯ್ ನಕ್ಕಳು. ಸಾಯ್‌ಫನ್ ನಗಲಿಲ್ಲ. ಅಷ್ಟು ದಿನ ಕಳೆದರೆ ಈ ಕೂಸು ಉಳಿಯುತ್ತದಾ ಅಂತ ಅವಳ ಮುಖವೇ ಕೇಳುತ್ತಿತ್ತು. ಎದ್ದು ಬಂದಳು, ಕೂಸನ್ನು ಇಳಿಸಿದಳು, ಸೊಂಟದ ಪಟ್ಟಿ ಬಿಚ್ಚಿ ನೆಲಕ್ಕೆ ಹಾಕಿದಳು. ಧಡ್ ಅಂತ ಸದ್ದಾಯಿತು. ಬರಿಮೈಯ ಕೂಸನ್ನು ಮತ್ತೆ ನನ್ನ ಕೊಕ್ಕೆಗೆ ಹಾಕಿದಳು.

"ಈಗ ನೋಡಿ, ಆಚಾನ್."

ಮುಳ್ಳು ಈಗಷ್ಟೇ ನಿಂತಿದ್ದ ಜಾಗಕ್ಕಿಂತ ಬಹಳ ಹಿಂದೆ ನಿಂತಿತು.

ಯಾಯ್ ತಲೆ ತಗ್ಗಿಸಿದಳು. "ನಿಮಗೆ ಬೇಜಾರಾಗಬಾರದು ಅಂತ ಹಾಗೆ ಮಾಡಿದೆ."

ಉರೈವಾನ್ ಬೈಯಲಿಲ್ಲ. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಹೋದ ಸಲವೇ ಗಟ್ಟಿಯಾಗಿ ಏನೋ ಕೈಗೆ ತಾಗಿತ್ತು, ಯಾಯ್. ತಾಯಿತ ಇರಬೇಕು, ಕೇಳಿದರೆ ನೀವು ನೊಂದುಕೊಳ್ಳುತ್ತೀರಿ ಅಂತ ನಾನೂ ಸುಮ್ಮನಿದ್ದೆ."

ಎದುರಿನವರ ಮನಸ್ಸು ನೋಯಬಾರದು ಅಂತ ಇಬ್ಬರೂ ಎಚ್ಚರ ವಹಿಸಿದ್ದರು, ನಡುವೆ ಕೂಸು ಒಣಗುತ್ತಿತ್ತು. ಅವತ್ತೇ ನೆರೆಮನೆಯವರ ಪಿಕಪ್ ಗಾಡಿಯಲ್ಲಿ ಕುಂಗ್‌ನನ್ನು ಆಸ್ಪತ್ರೆಗೆ ಒಯ್ದರು. ಯಾಯ್ ಅಲ್ಲಿ ಕೂಸಿನ ಹಾಸಿಗೆಯ ಪಕ್ಕದಿಂದ ಕದಲಲಿಲ್ಲವಂತೆ. ಕೂಸು ಉಳಿಯಿತು.

ಉರೈವಾನ್ ಆವರೆಗಿನ ತೂಕಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದಳು. ದೊಡ್ಡ ಆಚಾನ್ ಹತ್ತಿರ ಬೈಸಿಕೊಂಡಳು ಕೂಡ. ಆಮೇಲೆ ಮನೆಗಳಿಗೆ ಹೋದರೆ ಮೊದಲು ಅಡುಗೆಮನೆಯಲ್ಲಿ ಅಜ್ಜಿಯರ ಜೊತೆ ಸೊಪ್ಪು ಬಿಡಿಸುತ್ತ ಕೂರುತ್ತಿದ್ದಳು, ನನ್ನನ್ನು ಚೀಲದಿಂದ ತೆಗೆಯುತ್ತಿದ್ದದ್ದು ಬಹಳ ಹೊತ್ತಿನ ಮೇಲೆ.

ಕಾಲ ಸರಿಯಿತು. ಕಾಲೇಜಿಗೆ ಬ್ಯಾಟರಿ ತಕ್ಕಡಿಗಳು ಬಂದವು. ನಿವೃತ್ತಳಾದ ಉರೈವಾನ್ ನನ್ನನ್ನು ಸಾಯ್‌ಫನ್‌ಗೆ ಕೊಟ್ಟಳು. ಅವಳೀಗ ಊರಿನ ಆರೋಗ್ಯ ಸ್ವಯಂಸೇವಕಿ, ಗಟ್ಟಿ ದನಿಯ ಹೆಂಗಸು. ಬಹಳ ವರ್ಷ ಅವಳ ಮನೆಯಡಿಯ ತೊಲೆಗೆ ತೂಗಿಕೊಂಡು ಊರಿನ ಕೂಸುಗಳನ್ನೆಲ್ಲ ಹೊತ್ತೆ.

ಹೋದ ಬೇಸಿಗೆಯಲ್ಲಿ ನನ್ನ ಸ್ಪ್ರಿಂಗು ಸಡಿಲವಾಯಿತು. ಕೊಕ್ಕೆ ಖಾಲಿ ಇದ್ದರೂ ಮುಳ್ಳು ಮುಂದೆ ಸರಿದು ಇಲ್ಲದ ತೂಕ ತೋರಿಸುತ್ತಿತ್ತು. ಸ್ವಲ್ಪ ತಾನೇ, ನಡೆಯುತ್ತೆ ಬಿಡು ಅಂತ ಅಕ್ಕಪಕ್ಕದವರು ಅಂದರು. ಸಾಯ್‌ಫನ್ ನನ್ನ ಮುಖವನ್ನು ಚೌಕಳಿ ಬಟ್ಟೆಯಿಂದ ಒರೆಸಿದಳು. ಆಮೇಲೆ ನನ್ನನ್ನು ತೊಲೆಯಿಂದ ಇಳಿಸಿ ಮೂಲೆಯಲ್ಲಿಟ್ಟಳು. ಅವಳಿಗೆ ನನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅವಳು ಹಾಗೆ ಮಾಡದಿದ್ದರೇ ನನಗೆ ಬೇಜಾರಾಗುತ್ತಿತ್ತು.