ಒಂದು ರೆಕ್ಕೆಯ ಗಿಳಿ

ಹಸಿರು ಏನೋ ಮಿಂಚಿದ ಹಾಗಾಯಿತು, ಪುಸ್ತಕದ ಪೆಟ್ಟಿಗೆಯ ಮುಚ್ಚಳ ಎತ್ತಿದ ಕ್ಷಣಕ್ಕೆ ಹಬೀಬ ಕೈ ಹಿಂದಕ್ಕೆಳೆದುಕೊಂಡ, ಅಲ್ಲ, ಅದಲ್ಲ, ಕಿಟಕಿಯಾಚೆ ಹೊಂಗೆಯ ಚಿಗುರು ಗಾಳಿಗೆ ಓಲಾಡಿ ಅದರ ಬೆಳಕು ಒಳಗೆ ಬಿತ್ತು ಅಷ್ಟೆ, ಪೆಟ್ಟಿಗೆಯಲ್ಲಿ ಮೇಲಿರುವುದು ಕೆಂಪು ರಟ್ಟಿನ ಪುಸ್ತಕ, ಅದರ ಮೇಲೊಂದು ಆನೆ, ಥೂ ನಿನ್ನ, ಹೊಂಗೆ ಎಲೆಗೂ ಬೆದರುವ ಹಾಗಾದೆಯಲ್ಲೋ ಹಬೀಬ, ಅಮ್ಮೋರು ನೋಡುತ್ತಿದ್ದಾರೆ. ಅಮ್ಮೋರು ಅಂದರೆ ಸರಸಮ್ಮನವರು, ಚನ್ನಪಟ್ಟಣದ ಈ ಹೆಣ್ಣುಮಕ್ಕಳ ಸ್ಕೂಲಿಗೆ ಹೋದ ದಸರೆ ಮುಗಿದ ಮೇಲೆ ಮಾಗಡಿಯಿಂದ ಬಂದವರು, ಊರಿಗೆ ಹೊಸಬರು, ಅವರಿಗೇನು ಗೊತ್ತು, ಮೊನ್ನೆ ತಾವೇ ಬೊಂಬೆ ಅಂಗಡಿಯ ಬಾಗಿಲಿಗೆ ಬಂದು ನಿಂತು, ಸಾಬ್ರೆ, ನೀವು ಮಾಡೋ ಗಿಲಕಿ ಮಕ್ಕಳು ದಿನವೆಲ್ಲಾ ಚೀಪಿದರೂ ಬಣ್ಣ ಬಿಡಲ್ಲವಂತೆ, ನನಗೊಂದು ಉಪಕಾರ ಮಾಡಿ, ಬೆಂಗಳೂರಿನವರು ಚಿಕ್ಕ ಮಕ್ಕಳ ತರಗತಿಗೆ ಅಂತ ಇಪ್ಪತ್ತು ಚಿತ್ರದ ಪುಸ್ತಕ ಕಳಿಸಿದ್ದಾರೆ, ಎಂಟು ಇಟ್ಟುಕೊಂಡು ಉಳಿದದ್ದು ವಾಪಸು ಮಾಡಬೇಕು, ಅಕ್ಷರ ನಾನು ನೋಡ್ತೀನಿ, ಬಣ್ಣ ನೀವು ನೋಡಿ, ಈ ಊರಿನ ಮಕ್ಕಳು ಏನು ಕೊಟ್ಟರೂ ಮೊದಲು ಬಾಯಿಗೇ ಇಡ್ತಾವಪ್ಪಾ ಅಂತ ನಕ್ಕಿದ್ದರು, ಆ ನಗುವಿನಲ್ಲಿ ಒಂದಿಷ್ಟೂ ಕೆಡುಕಿರಲಿಲ್ಲ, ಆಮೇಲೆ ಹೋಗುತ್ತಾ ಹೋಗುತ್ತಾ, ಒಂದರ ಮೇಲೆ ಗಿಳಿ ಇದೆ, ನೋಡಬೇಕು ನೀವು, ಎಷ್ಟು ಚೆಂದ ಅಂದಿದ್ದರು. ಆ ಮಾತು ಕೇಳಿದ್ದೇ ಹಬೀಬನ ಕೈಯ ಉಳಿ ಜಾರಿತ್ತು. ಬರುವುದಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ, ಮೂರು ವರ್ಷವಾಗುತ್ತಾ ಬಂತು, ಇನ್ನೆಷ್ಟು ದಿನ ಹೀಗೆ, ಒಂದು ಸಲ ನೋಡಿಯೇ ಬಿಡಬೇಕು, ಆ ಗಿಳಿಯ ಹಸಿರು ಬಿಡುತ್ತದೋ ಇಲ್ಲವೋ, ಚಿಕ್ಕ ಮಗಳು ಇಸ್ಮತ್‌ಳನ್ನು ಕೊಂದದ್ದು ತಾನು ಕೈಯಾರ ತಂದ ಪುಸ್ತಕವೋ ಇಲ್ಲಾ ಆ ಬೇಸಿಗೆಯ ಬಾವಿ ನೀರೋ, ಒಂದು ಗೊತ್ತಾದರೆ ಸಾಕು.

ಶುರು ಮಾಡಿ ಸಾಬ್ರೆ, ಅಂದರು ಅಮ್ಮೋರು. ಆನೆಯ ಪುಸ್ತಕ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಆನೆಯ ಬೆನ್ನ ಮೇಲೆ ಒತ್ತಿ ಉಜ್ಜಿದ, ತಿರುಗಿಸಿ ನೋಡಿದ, ಏನೂ ಇಲ್ಲ, ಇದು ಸರಿ ಅಮ್ಮೋರೆ, ಮಿಷನ್ನಿನಲ್ಲೇ ಬಣ್ಣ ಕೂತಿದೆ, ಪಕ್ಕಕ್ಕಿಡಿ. ಬೊಂಬೆಯಾದರೆ ಬೆರಳೇಕೆ, ನಾಲಿಗೆಯೇ ಆಗಬೇಕು, ಮರ ತಿರುಗಿಸಿ ಕಡೆಯುವ ಕಡಸಲಿನಿಂದ ಇಳಿದ ಒಂದೊಂದು ಗಿಲಕಿಯನ್ನೂ ನಾಲಿಗೆಗೆ ಒತ್ತಿಯೇ ಬುಟ್ಟಿಗೆ ಹಾಕುವುದು, ಅಬ್ಬಾ ರಸೂಲ್ ಸಾಬರು ಎಂಟು ವರ್ಷದವನಿದ್ದಾಗಲೇ ಕಲಿಸಿದ್ದು, ಮಗು ಬಾಯಿಗಿಡೋ ಮುಂಚೆ ನೀನು ಬಾಯಿಗಿಡೋ, ನಿನ್ನ ನಾಲಿಗೆಗೆ ಆಗದ್ದು ಅದರ ನಾಲಿಗೆಗೂ ಬೇಡ, ಬಿಡದ ಬಣ್ಣ ಹೊಟ್ಟೆಗೆ ಹೋದರೂ ಹೋದ ಹಾಗೇ ಹೊರಗೆ ಬರುತ್ತೆ, ಬಿಡೋ ಬಣ್ಣವೇ ವಿಷ. ಎರಡನೆಯದು ಹಸುವಿನ ಪುಸ್ತಕ, ಬೆರಳಿಗೇನೂ ಹತ್ತಲಿಲ್ಲ, ಆದರೆ ಇದೆಂಥ ಹಸು, ಅಮ್ಮೋರೆ, ಈ ಹಸುವಿಗೆ ಹೆಗಲ ಮೇಲೆ ಹಿಣಿಲೇ ಇಲ್ಲವಲ್ಲ, ಯಾರೋ ಬೆನ್ನಿಗೆ ಹತ್ತರಿ ಹಾಕಿ ನುಣ್ಣಗೆ ಹೆರೆದ ಹಾಗಿದೆ ಅಂದ, ಸರಸಮ್ಮ ಬಾಯಿಗೆ ಸೆರಗಿಟ್ಟು ನಕ್ಕರು, ಅದು ಸೀಮೆಯ ಹಸು ಸಾಬ್ರೆ, ನಿಜ ನೀವು ಹೇಳೋದು, ನಮ್ಮ ಮಕ್ಕಳು ಇದನ್ನ ನೋಡಿ ಕತ್ತೆ ಅಂತಾವೆ, ಇದು ಬೇಡ. ಹೊಗೆಗೂಡಿನ ಮನೆ, ಮಂಜಿನಲ್ಲಿ ಆಡುವ ಟೋಪಿಯ ಮಕ್ಕಳು, ಅದೂ ಬೇಡ. ಬುಗುರಿಯ ಚಿತ್ರಕ್ಕೆ ಕೆಳಗೆ ಮೊಳೆಯೇ ಬರೆದಿಲ್ಲ, ಇದು ತಿರುಗುವುದಾದರೂ ಹೇಗೆ ಅಂತ ಅವನು ಗೊಣಗಿದ, ಇರಲಿ ಬಿಡಿ, ಅಕ್ಷರ ದಪ್ಪಗಿದೆ, ಒಂದು ಹಾಳೆಗೆ ಒಂದೇ ಮಾತು, ಮಕ್ಕಳಿಗೆ ಹಿಡಿಸುತ್ತೆ ಅಂತ ಅವರು ಅದನ್ನು ತೆಗೆದಿಟ್ಟುಕೊಂಡರು. ಪಕ್ಕದ ಕೋಣೆಯಲ್ಲಿ ಎರಡನೇ ತರಗತಿ ಮಗ್ಗಿ ಹೇಳುತ್ತಿದೆ, ಆ ಗದ್ದಲದೊಳಗೆ ಮಜೀದಾಳ ದನಿ ಬೇರೆಯೇ ಕೇಳುತ್ತದೆ, ಮೂರು ನಾಕ್ಲಿ ಹನ್ನೆರಡು ಅಂತ ಎಲ್ಲರಿಗಿಂತ ಮುಂದೆ ಓಡುತ್ತಾಳೆ, ಏಳು ವರ್ಷದ ದೊಡ್ಡ ಮಗಳು, ಚೂಟಿ, ಅವಳಿಗೋಸ್ಕರ ತಂದದ್ದಲ್ಲವೇ ಆ ಪುಸ್ತಕ, ಅವಳು ಅದನ್ನು ಓದಲೇ ಇಲ್ಲ. ಅರ್ಧ ಪೆಟ್ಟಿಗೆ ಮುಗಿಯಿತು, ಗಿಳಿ ಇನ್ನೂ ಬಂದಿಲ್ಲ.

ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ, ಮಗುವಿಗೆ ಅಷ್ಟು ತುಂಬಿದ ದಿನ ಮೊದಲ ಅಕ್ಷರ ಹೇಳಿಸುವುದು ಮನೆಯ ಪದ್ಧತಿ, ಮಜೀದಾಗೆ ಆ ದಿನ ಬರುವ ಮುಂಚಿನ ವಾರ ಬೊಂಬೆಯ ಬುಟ್ಟಿ ಹೊತ್ತು ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದ, ಮಾರಿ ಮುಗಿಸಿ ಪೇಟೆಯಲ್ಲಿ ಬರುವಾಗ ಒಂದು ಅಂಗಡಿಯ ಮುಂದೆ ಆ ಪುಸ್ತಕವನ್ನು ಹಗ್ಗಕ್ಕೆ ನೇತು ಹಾಕಿದ್ದರು, ಕಪ್ಪು ಗೆರೆ ಅಚ್ಚಿನದು, ಬಣ್ಣ ಯಾರೋ ಕೈಯಲ್ಲಿ ತುಂಬಿದ್ದು, ಬಣ್ಣದವನ ಕಣ್ಣಿಗೆ ಅದು ಅಲ್ಲೇ ತಿಳಿದಿತ್ತು, ತಿಳಿದೂ — ಗಿಳಿ ಎರಡೂ ರೆಕ್ಕೆ ಬಿಚ್ಚಿ ಕೂತಿತ್ತು, ಏನು ಹಸಿರು ಅದು, ಅವನು ಅರಿಸಿನಕ್ಕೆ ನೀಲಿ ಕೂಡಿಸಿ ಎಷ್ಟು ಅರೆದರೂ ಬರದ ಹಸಿರು. ಯಾವುದರಿಂದ ಮಾಡಿದ್ದಪ್ಪಾ ಇದು ಅಂತ ಕೇಳಿದ, ಸೀಮೆ ಬಣ್ಣ ಅಂದ ಅಂಗಡಿಯವನು, ಅಷ್ಟೇ, ಮುಗಿಯಿತು. ಹೆಬ್ಬೆರಳು ತಾನಾಗಿ ತುಟಿಯ ತನಕ ಹೋಗಿತ್ತು, ಅದು ಅವನಿಗೆ ಈಗಲೂ ನೆನಪಿದೆ, ತುಟಿಯ ತನಕ ಹೋದ ಬೆರಳನ್ನು ಅವನೇ ಕೆಳಗಿಳಿಸಿದ, ಪುಸ್ತಕ ಅಲ್ಲವೇನೋ, ವಿದ್ಯೆ ಅಲ್ಲವೇನೋ, ಎಂಜಲು ಮಾಡಬಾರದು, ಅಕ್ಷರ ಬಾರದ ನಿನ್ನ ಮನೆಗೆ ಮೊದಲ ಸಲ ಬರುತ್ತಿದೆ, ಅಂದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡು ಹೊಸ ವಸ್ತ್ರದಲ್ಲಿ ಸುತ್ತಿಕೊಂಡ. ರೈಲು ಕ್ಲೋಸ್‌ಪೇಟೆ ದಾಟಿ ಚನ್ನಪಟ್ಟಣಕ್ಕೆ ಬರುವ ತನಕ ಅದನ್ನು ಮಡಿಲಿನಿಂದ ಇಳಿಸಲಿಲ್ಲ. ಐದು ಕಾಸಿನ ಗಿಲಕಿಗೆ ನಾಲಿಗೆ ಒತ್ತುವವನು ಮಗಳ ಪುಸ್ತಕಕ್ಕೆ ಒತ್ತಲಿಲ್ಲ, ಗೌರವ ಕೊಟ್ಟೆನಲ್ಲ, ಗೌರವ, ಹಾಳಾಗಿ ಹೋಗಲಿ ಆ ಗೌರವ. ಅಕ್ಷರದ ದಿನ ಮನೆ ತುಂಬ ಜನ, ಒಲೆಯ ಮೇಲೆ ಖೀರು, ಮಜೀದಾ ಜರಿಯ ಓಢಣಿ ಹೊದ್ದು ಮೌಲ್ವಿ ಸಾಹೇಬರು ಹೇಳಿದ್ದನ್ನೆಲ್ಲ ಗಿಳಿಯ ಹಾಗೇ ಒಪ್ಪಿಸಿದಳು, ಒಳಗೆ ಇಸ್ಮತ್ ಅಳುತ್ತಿದ್ದಳು, ಒಂದೂವರೆ ವರ್ಷದ್ದು, ಹಲ್ಲು ಬರುತ್ತಿತ್ತು, ಎಲ್ಲರೂ ಅಕ್ಕನನ್ನೇ ಎತ್ತಿಕೊಳ್ಳುತ್ತಾರೆ ಅಂತ ರಂಪ ಮಾಡುತ್ತಿದ್ದಳು, ಹೆಂಡತಿ ಜೈನಬ್‌ಗೆ ಸೌಟು ಬಿಡುವ ಹಾಗಿಲ್ಲ, ಕೈಗೆ ಸಿಕ್ಕಿದ ಆ ಪುಸ್ತಕವನ್ನೇ ಕೊಟ್ಟು ಕೂರಿಸಿದಳು. ಈ ಮನೆಯಲ್ಲಿ ಬಣ್ಣದ್ದು ಅಂದರೆ ಮಗುವಿನ ಬಾಯಿಗೆ ಅಂತಲೇ ಲೆಕ್ಕ, ಬೇಡ ಅಂದವರು ಯಾರೂ ಇಲ್ಲ, ಬೇಡ ಅನ್ನಬೇಕು ಅಂತ ಯಾರಿಗೂ ಹೊಳೆಯುವುದೂ ಇಲ್ಲ. ಆಮೇಲೆ ನೋಡಿದಾಗ ಇಸ್ಮತ್ ಸುಮ್ಮನೆ ಕೂತಿದ್ದಳು, ಕೆನ್ನೆಯೆಲ್ಲ ಜೊಲ್ಲು, ನಕ್ಕಳು, ಮಡಿಲಿನಲ್ಲಿ ಪುಸ್ತಕ, ಅದರ ಒಂದು ಮೂಲೆ ಇಲ್ಲ, ಗಿಳಿಗೆ ಒಂದೇ ರೆಕ್ಕೆ.

ಒಂದೇ ರೆಕ್ಕೆ, ಎಲ್ಲರೂ ನಕ್ಕರು ಆಗ, ನೋಡಿ ನೋಡಿ, ಚಿಕ್ಕದು ಅಕ್ಕನಿಗಿಂತ ಮೊದಲೇ ವಿದ್ಯೆ ನುಂಗಿತು ಅಂತ, ಹಬೀಬನೂ ನಕ್ಕಿದ್ದ, ಯಾ ಅಲ್ಲಾ, ಅವನೂ ನಕ್ಕಿದ್ದ. ಸಂಜೆಗೆ ವಾಂತಿ, ಆಮೇಲೆ ಭೇದಿ, ಮರುದಿನ ಆಸ್ಪತ್ರೆಯ ಡಾಕ್ಟರು ಕಣ್ಣು ಬಿಡಿಸಿ ನೋಡಿ, ಈ ಬೇಸಿಗೆ ಎಲ್ಲಾ ಕಡೆ ಇದೇ ಆಗಿದೆ ಅಂದರು, ಪುಸ್ತಕದ ಮಾತು ಅವರಿಗೆ ಯಾರೂ ಹೇಳಲಿಲ್ಲ, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಮಗು ತೋಳಿನಲ್ಲೇ ಹಗುರವಾಗಿ ಹೋಯಿತು. ಮಣ್ಣು ಮಾಡಿ ಬಂದವನು ಮೊದಲು ಮಾಡಿದ ಕೆಲಸ ಅಂದರೆ ಅರಗು ಕಾಯಿಸುವ ಒಲೆಗೆ ಆ ಪುಸ್ತಕ ಹಾಕಿದ್ದು, ಬೆರಳು ಒದ್ದೆ ಮಾಡಿ ಒಮ್ಮೆ ಉಜ್ಜಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಧೈರ್ಯ ಬರಲಿಲ್ಲ, ಹೇಡಿ. ಜೈನಬ್ ಮಾತ್ರ ಅವತ್ತಿನಿಂದ ಇವತ್ತಿನ ತನಕ ಒಂದೇ ಮಾತು, ನೀರು, ಮಜೀದಾಳ ಅಬ್ಬಾ, ಬಾವಿ ನೀರು, ಕಾಗದ ತಿಂದು ಯಾವ ಮಗು ಸತ್ತಿದೆ, ಹೇಳಿ. ವಿರೂಪಾಕ್ಷಿಪುರದ ಕಡೆಯಿಂದ ಬೊಂಬೆ ಮಾಡುವ ಹಾಲೆ ಮರ ತುಂಬಿದ ಗಾಡಿ ಹೊಡೆದುಕೊಂಡು ಬರುವ ಬೋರಲಿಂಗಯ್ಯನೂ ಅದನ್ನೇ ಹೇಳಿದ, ಲೇ ಸಾಬ, ನಮ್ಮೂರಲ್ಲೂ ಆ ಬೇಸಿಗೇಲಿ ಮೂರು ಮಕ್ಕಳು ಹಂಗೇ ಹೋಗ್ಬುಟ್ಟೋ ಕಣ್ಲಾ, ಅವೇನು ಪುಸ್ತಕ ಕಂಡಿದ್ವಾ, ಸುಮ್ನೆ ತಲೆಗೆ ಹಚ್ಕೊಂಡು ಸಾಯಬ್ಯಾಡ, ಒಸಿ ಅನ್ನ ತಿನ್ನು. ನಿಜ ಇರಬಹುದು, ನಿಜ ಇದ್ದರೆ ಎಷ್ಟು ಚೆನ್ನ. ಆದರೆ ಜೈನಬ್ ನೀರು ನೀರು ಅನ್ನುವುದು ಯಾಕೆ ಅಂತ ಅವನಿಗೆ ಗೊತ್ತು, ತಂದವನು ಅವನು, ಮಗುವಿನ ಕೈಗೆ ಇಟ್ಟವಳು ಅವಳು, ನೀರಲ್ಲ ಅಂತ ಆದರೆ ಅವಳು ಆ ಕೈಯನ್ನು ಎಲ್ಲಿಡಬೇಕು, ಆ ಕೈಯಲ್ಲೇ ರೊಟ್ಟಿ ತಟ್ಟಬೇಕು, ಆ ಕೈಯಲ್ಲೇ ಮಜೀದಾಗೆ ಜಡೆ ಹಾಕಬೇಕು.

ಸಾಬ್ರೆ, ಇನ್ನೊಂದೇ ಉಳೀತು, ಅಂದರು ಅಮ್ಮೋರು, ನಾನು ಹೇಳಿದೆನಲ್ಲ, ಗಿಳಿ, ಅಕ್ಷರ ನೋಡಿ ಎಷ್ಟು ಮುದ್ದಾಗಿದೆ, ಎಂಟನೇದು ಇದೇ ಆಗಲಿ ಅಂತ ನನ್ನ ಮನಸ್ಸು. ಅದೇ. ಅದೇ ಕಪ್ಪು ಗೆರೆ, ಅದೇ ಕೊಂಬೆ, ಮೂಲೆ ಇದೆ, ಎರಡೂ ರೆಕ್ಕೆ ಇವೆ, ಏನೂ ಆಗಿಲ್ಲ ಎಂಬ ಹಾಗೆ ಕೂತಿದೆ, ಇದನ್ನು ಹೀಗೇ ಬಿಟ್ಟು ಎದ್ದು ಹೋದರೆ ಎಲ್ಲವೂ ಹೀಗೇ ಇರುತ್ತದೆ, ಏಳು, ತಲೆನೋವು ಅಂತ ಹೇಳು — ಬೆಳಿಗ್ಗೆ ಹೊರಡುವಾಗ ಜೈನಬ್ ಬಾಗಿಲಿಗೆ ಬಂದಿದ್ದಳು, ಈ ಶುಕ್ರವಾರಕ್ಕೆ ಇಸ್ಮತ್‌ಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬುತ್ತಿತ್ತು ಅಂದಳು, ಆಮೇಲೆ, ಆ ಪುಸ್ತಕ ಸಿಕ್ಕಿದರೆ ನೋಡಿ ಬನ್ನಿ, ಬಣ್ಣ ಬಿಡಲ್ಲ ಅಂತ ನಿಮ್ಮ ಕಣ್ಣಾರೆ ನೋಡಿ ಬನ್ನಿ, ನನಗೆ ಗೊತ್ತು ಬಿಡಲ್ಲ ಅಂತ, ಅಂದಳು, ಅನ್ನುವಾಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಏಳಬೇಡ. ಇನ್ನೊಂದು ಮಗುವಿನ ಬಾಯಿಗೆ ಹೋಗುವ ಮುಂಚೆ ನೀನು ನೋಡು, ಅಬ್ಬಾ ಹೇಳಿಕೊಟ್ಟದ್ದು ಇನ್ನೇನಕ್ಕೆ. ಹೆಬ್ಬೆರಳು ನಾಲಿಗೆಗೆ, ನಾಲಿಗೆ ಒಣಗಿದೆ, ಇನ್ನೊಮ್ಮೆ, ರೆಕ್ಕೆಯ ಮೇಲೆ ಒತ್ತಿ, ಬಣ್ಣ ಬಿಡಬೇಡ, ಬಿಡಬೇಡ ತಾಯಿ, ಉಜ್ಜಿದ, ಒಂದೇ ಸಲ. ತಣ್ಣಗೆ ಜಾರಿತು ಬೆರಳು. ಹಸಿರು ಬೆರಳಿಗೆ ಬಂತು, ಪೂರ್ತಿ, ನೀರಿನಲ್ಲಿ ಕದಡಿದ ಹಾಗೆ, ಕೆಳಗೆ ಬಿಳಿ ಕಾಗದ. ಬಿಡ್ತಾ ಸಾಬ್ರೆ, ಅಂದರು ಸರಸಮ್ಮ. ಬಿಡ್ತು ಅಮ್ಮೋರೆ, ಇದು ಬೇಡ, ಇದನ್ನ ಯಾವ ಮಗುವಿಗೂ ಕೊಡೋದು ಬೇಡ, ಆ ಬೆಂಗಳೂರಿನವರಿಗೂ ಬರೀರಿ, ಬೇರೆ ಊರಿಗೂ ಕಳಿಸಬೇಡಿ ಅಂತ ಬರೀರಿ. ಅವರು ಅವನ ಮುಖ ನೋಡಿ ನಗು ನಿಲ್ಲಿಸಿದರು, ಬರೀತೀನಿ, ಇವತ್ತೇ ಬರೀತೀನಿ ಅಂದರು.

ಮನೆಗೆ ಹೋಗಬೇಕು, ಜೈನಬ್ ಬಾಗಿಲಲ್ಲೇ ಇರುತ್ತಾಳೆ, ಬಿಡಲಿಲ್ಲ ಕಣೇ ಅನ್ನಬೇಕು, ಎಷ್ಟು ಉಜ್ಜಿದರೂ ಬಿಡಲಿಲ್ಲ, ನೀನು ಹೇಳಿದ್ದೇ ನಿಜ, ನೀರೇ ಅದು, ಅಂತ ನಗುತ್ತಾ ಅನ್ನಬೇಕು, ನಗು ಬರದಿದ್ದರೆ ಕೈಕಾಲು ತೊಳೆಯುವ ನೆವದಲ್ಲಿ ಮುಖಕ್ಕೆ ನೀರು ಹಾಕಿಕೊಂಡು ಅನ್ನಬೇಕು, ನಂಬುತ್ತಾಳೆ, ನಂಬಬೇಕು, ಮೂರು ವರ್ಷ ಅವಳು ಒಬ್ಬಳೇ ನನ್ನನ್ನು ಕಾಪಾಡಿದಳು, ಇನ್ನು ನನ್ನ ಸರದಿ, ಸಾಯುವ ತನಕ. ಹೆಬ್ಬೆರಳಿನ ಹಸಿರೋ, ಅದನ್ನು ಯಾರು ನೋಡುತ್ತಾರೆ, ಬಣ್ಣದವನ ಕೈಯಲ್ಲಿ ಬಣ್ಣ ಇಲ್ಲದ ದಿನ ಯಾವುದು, ಆಚೆ ಈಚೆ ಕೆಂಪಿದೆ, ಹಳದಿಯಿದೆ, ಅವುಗಳ ನಡುವೆ ಇದೂ ಒಂದು. ಶುಕ್ರವಾರ ಖೀರು ಮಾಡು ಅನ್ನಬೇಕು, ಬೀದಿಯ ಮಕ್ಕಳಿಗೆಲ್ಲ ಕೊಡೋಣ ಅನ್ನಬೇಕು, ಏಳು ಹಬೀಬ, ಪುಸ್ತಕ ಮುಚ್ಚು, ಅಮ್ಮೋರ ಕೈಗೆ ಕೊಡು, ಪಕ್ಕದ ಕೋಣೆಯಲ್ಲಿ ಮಗ್ಗಿ ಮುಗಿಯಿತು, ಮಜೀದಾ ಈಗ ಓಡಿಬರುತ್ತಾಳೆ, ಅಬ್ಬಾ ಏನು ನೋಡ್ತಿದ್ದೀರಿ ಅನ್ನುತ್ತಾಳೆ, ಅವಳು ಬರುವುದರೊಳಗೆ ಮುಚ್ಚು, ಮುಚ್ಚು ಅಂದರೂ ಕೈ ಏಳುತ್ತಿಲ್ಲ, ಹೆಬ್ಬೆರಳು ಇನ್ನೂ ಅಲ್ಲೇ ಇದೆ, ಅದನ್ನು ಮೆಲ್ಲಗೆ ಸರಿಸಿದರೆ ಕೆಳಗೆ ಕೊಂಬೆ ಇದೆ, ಕೊಂಬೆಯ ಮೇಲೆ ಗಿಳಿ, ಕೆಂಪು ಕೊಕ್ಕು, ದುಂಡು ಕಣ್ಣು, ಹಸಿರು ಉಳಿದದ್ದು ಒಂದೇ ರೆಕ್ಕೆ, ಒಂದೇ